ಬಿಗಿದು ಕುಳಿತ ಸ್ಟೀರಿಂಗ್ ಚಕ್ರ: ಹಳೆಯ ಲಾರಿಯಿಂದ ಬಿಡಿಸುವ ಕ್ರಮ

ಚಳ್ಳಕೆರೆ ಸೀಮೆಯ ವರವು ಕಾವಲ್ ಒಂದು ಕಾಲಕ್ಕೆ ಅಮೃತ ಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು. 2017ರಲ್ಲಿ ಇಲ್ಲಿ ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಕಾವಲಿನ ಒಳಗೆ ಚಾಲಕನಿಲ್ಲದ ವಿಮಾನಗಳ ಪರೀಕ್ಷೆ ನಡೆದರೂ ಹೊರಗಿನ ಹಳ್ಳಿಗಳ ಬದುಕು ಇಂದಿಗೂ ಶೇಂಗಾ, ಈರುಳ್ಳಿ ಮತ್ತು ಕುರಿಗಳ ಮೇಲೆ ನಿಂತಿದೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಶೇಂಗಾ ಕಿತ್ತು ಬಿಡಿಸಿದ ಮೇಲೆ ಚೀಲಗಳನ್ನು ಮಾರುಕಟ್ಟೆಗೆ ಮುಟ್ಟಿಸಲು, ಹೊಲಕ್ಕೆ ಕುರಿಗೊಬ್ಬರ ಹೊಡೆಯಲು ಹಳೆಯ ಲಾರಿಯೊಂದು ಇದ್ದರೆ ಅದೇ ಆಸರೆ.

ಇಂತಹ ಲಾರಿ ವರ್ಷದಲ್ಲಿ ಕೆಲವೇ ತಿಂಗಳು ಓಡುತ್ತದೆ. ಉಳಿದ ಕಾಲ ಹುಣಸೆ ಮರದ ಕೆಳಗೋ ಬಯಲಲ್ಲೋ ನಿಂತಿರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು ಎಂಬುದು ನಿಜ. ಆದರೂ ಮುರಿದ ಗಾಜಿನಿಂದ ಒಳಬಂದ ನಾಲ್ಕು ಹದ ಮಳೆ, ಒಡೆದ ಹಾರನ್ ಗುಂಡಿಯ ಮೂಲಕ ಇಳಿದ ನೀರು, ಅದರೊಡನೆ ಸೇರಿದ ಧೂಳು, ಇಷ್ಟು ಸಾಕು. ಮುಂದೆ ಸ್ಟೀರಿಂಗ್ ಚಕ್ರವನ್ನು ತೆಗೆಯಬೇಕಾದಾಗ ಅದು ಜಗ್ಗಿದರೂ ಬರುವುದಿಲ್ಲ. ಆಗ ಕೈಗೆ ಮೊದಲು ಸಿಗುವುದು ಸುತ್ತಿಗೆ. ಕೆಲಸ ಕೆಡುವುದೂ ಅಲ್ಲಿಂದಲೇ.

ಬಿಚ್ಚುವುದು ಯಾವಾಗ ಅವಶ್ಯ?

ಸ್ಟೀರಿಂಗ್ ಸಡಿಲವಾಗಿದೆ ಎಂದ ಕೂಡಲೇ ಚಕ್ರವನ್ನು ಬಿಚ್ಚಲು ಹೋಗಬಾರದು. ಸಡಿಲಕ್ಕೆ ಕಾರಣ ಅನೇಕ ಸಲ ಕೆಳಗೆ, ಟೈರಾಡಿನ ತುದಿಯ ಗುಂಡುಕೀಲುಗಳಲ್ಲಿ ಅಥವಾ ಮುಂದಿನ ಅಚ್ಚಿನ ಕಿಂಗ್‌ಪಿನ್ನಿನ ಸವೆತದಲ್ಲಿ ಇರುತ್ತದೆ. ಒಬ್ಬರು ಮೇಲೆ ಕುಳಿತು ಚಕ್ರವನ್ನು ಮೆಲ್ಲಗೆ ಆಚೀಚೆ ಆಡಿಸಲಿ, ಮತ್ತೊಬ್ಬರು ಹೊರಬದಿಯಿಂದ ಬಗ್ಗಿ ಯಾವ ಕೀಲು ಅಲುಗುತ್ತದೆ ಎಂದು ನೋಡಲಿ. ಹತ್ತು ನಿಮಿಷದಲ್ಲಿ ದೋಷ ಎಲ್ಲಿದೆ ಎಂದು ತಿಳಿಯುತ್ತದೆ.

ಚಕ್ರದ ಹೊರಬಳೆ ಅಥವಾ ಕಡ್ಡಿ ಬಿರುಕು ಬಿಟ್ಟಿದ್ದರೆ, ಕಂಬದ ಮೇಲ್ತುದಿಯ ಬುಷ್ ಸವೆದಿದ್ದರೆ, ಸ್ಟೀರಿಂಗ್ ಪೆಟ್ಟಿಗೆಯನ್ನು ಹೊರತೆಗೆದು ದುರಸ್ತಿ ಮಾಡಬೇಕಾಗಿದ್ದರೆ ಅಥವಾ ಗುಂಬದ ಹಲ್ಲುಗಳು ತಿಂದುಹೋಗಿದ್ದರೆ ಮಾತ್ರ ಚಕ್ರವನ್ನು ಬಿಚ್ಚಬೇಕಾಗುತ್ತದೆ.

ಬಿಗಿಯಲು ಕಾರಣವೇನು?

ಎತ್ತಿನ ಗಾಡಿಯ ಚಕ್ರವನ್ನು ತೆಗೆಯಲು ಕಡಾಣಿ ಕಿತ್ತರೆ ಸಾಕು. ಏಕೆಂದರೆ ಆ ಚಕ್ರ ಅಚ್ಚಿನ ಮೇಲೆ ಸಲೀಸಾಗಿ ತಿರುಗಬೇಕು. ಅದಕ್ಕಾಗಿಯೇ ಕೀಲೆಣ್ಣೆ ಹಾಕುತ್ತೇವೆ. ಸ್ಟೀರಿಂಗ್ ಚಕ್ರದ ಧರ್ಮ ಇದಕ್ಕೆ ತೀರ ವಿರುದ್ಧ. ಅದು ದಂಡದ ಮೇಲೆ ಕೂದಲೆಳೆಯಷ್ಟೂ ಜಾರಬಾರದು. ಆದ್ದರಿಂದ ದಂಡದ ತುದಿಯಲ್ಲಿ ಉದ್ದುದ್ದ ಸಣ್ಣ ಹಲ್ಲುಗಳನ್ನು ಕೊರೆದು, ಅನೇಕ ಲಾರಿಗಳಲ್ಲಿ ತುದಿಯನ್ನು ಸ್ವಲ್ಪ ಮೊನಚಾಗಿಯೂ ಮಾಡಿರುತ್ತಾರೆ. ನಟ್ಟನ್ನು ಬಿಗಿದಾಗ ಗುಂಬ ಬೆಣೆಯಂತೆ ಕೆಳಗಿಳಿದು ಕಚ್ಚಿಕೊಳ್ಳುತ್ತದೆ. ಗುದ್ದಲಿಯ ಕಣ್ಣಿನಲ್ಲಿ ಕಾವು ಕೂತಂತೆ ಇದು. ನಟ್ಟನ್ನು ತೆಗೆದರೂ ಹಿಡಿತ ಬಿಡುವುದಿಲ್ಲ.

ಇದಕ್ಕೆ ತುಕ್ಕು ಸೇರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಸಂದಿಯೇ ಇಲ್ಲದ ಕಡೆ ಅದು ಉಬ್ಬಿದರೆ ಇನ್ನೊಂದು ಬೆಣೆ ಹೊಡೆದಂತಾಗುತ್ತದೆ. ಗುಂಬ ಅಲ್ಯೂಮಿನಿಯಮ್ಮಿನದಾಗಿದ್ದರೆ, ಎರಡು ಲೋಹಗಳ ನಡುವೆ ತೇವ ನಿಂತು ಈ ಕೊರೆತ ಮತ್ತಷ್ಟು ಬೇಗ ನಡೆಯುತ್ತದೆ.

ಸುತ್ತಿಗೆ ಏಕೆ ಬೇಡ?

ದಂಡದ ತಲೆಯ ಮೇಲೆ ಕೊಟ್ಟ ಏಟು ಅಲ್ಲಿಗೇ ನಿಲ್ಲುವುದಿಲ್ಲ. ಅದು ದಂಡದುದ್ದಕ್ಕೂ ಇಳಿದು ಸ್ಟೀರಿಂಗ್ ಪೆಟ್ಟಿಗೆಯ ಬೇರಿಂಗಿಗೆ ತಲುಪುತ್ತದೆ. ಉಕ್ಕಿನ ಗುಂಡುಗಳು ತಾವು ಕುಳಿತ ದಾರಿಯಲ್ಲಿ ಸಣ್ಣ ಗುಳಿಗಳನ್ನು ಒತ್ತುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಕೆಲವು ತಿಂಗಳಲ್ಲಿ ಸ್ಟೀರಿಂಗ್ ಅಲ್ಲಲ್ಲಿ ಹಿಡಿಯತೊಡಗಿ, ತುಂಬಿದ ಲಾರಿ ತಿರುವಿನಲ್ಲಿ ಹೇಳಿದಂತೆ ಕೇಳುವುದಿಲ್ಲ. ಏಟಿಗೆ ದಂಡದ ತುದಿಯ ಮರೆ ಅರಳಿಹೋದರೆ ನಟ್ಟು ಮತ್ತೆ ಹತ್ತುವುದೂ ಇಲ್ಲ. ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುವುದು ಹೀಗೆ.

ಬಿಚ್ಚುವ ಮುನ್ನ

1. ಲಾರಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೇರ ಮಾಡಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಬೇಕು.

2. ಬ್ಯಾಟರಿಯಲ್ಲಿ ಛಾಸಿಗೆ ಸೇರಿದ ತಂತಿಯನ್ನು ಮೊದಲು ಕಳಚಬೇಕು. ಇಲ್ಲವಾದರೆ ಹಾರನ್ ತಂತಿ ತಗುಲಿ ಕಿಡಿ ಹಾರಬಹುದು.

3. ಹಾರನ್ ಗುಂಡಿಯನ್ನು ತೆಗೆಯಬೇಕು. ಕೆಲವು ಲಾರಿಗಳಲ್ಲಿ ಅದನ್ನು ಒತ್ತಿ ಸ್ವಲ್ಪ ತಿರುಗಿಸಿದರೆ ಬರುತ್ತದೆ. ಕೆಲವಕ್ಕೆ ಚಕ್ರದ ಹಿಂಬದಿಯಿಂದ ತಿರುಪು ಇರುತ್ತದೆ. ಒಳಗಿನ ಸ್ಪ್ರಿಂಗು, ಬಿಲ್ಲೆಗಳನ್ನು ಬಂದ ವರಸೆಯಲ್ಲೇ ಒಂದು ಬಟ್ಟೆಯ ಮೇಲೆ ಜೋಡಿಸಿಡಬೇಕು. ತಂತಿ ದಂಡದ ಒಳಗಿನಿಂದ ಬಂದಿದ್ದರೆ ಅದನ್ನು ಬಿಡಿಸಿ, ತುದಿಗೆ ದಾರ ಕಟ್ಟಿಟ್ಟರೆ ಮತ್ತೆ ಎಳೆದುಕೊಳ್ಳಲು ಸುಲಭ.

4. ಗುಂಬ ಮತ್ತು ದಂಡ ಎರಡರ ಮೇಲೂ ಹಾಯುವಂತೆ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಈ ಗುರುತಿಲ್ಲದೆ ಮರಳಿ ಕೂರಿಸಿದರೆ ಗಾಲಿ ನೇರವಿದ್ದಾಗ ಚಕ್ರ ಸೊಟ್ಟಗಿರುತ್ತದೆ.

5. ಗುಂಬದ ಸುತ್ತಲಿನ ಧೂಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಹನಿಯಾಗಿ ಸಂದಿಗೆ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡಬೇಕು. ಬೆಳಿಗ್ಗೆ ಮತ್ತೊಮ್ಮೆ ಹಾಕುವುದು ಒಳ್ಳೆಯದು. ನೆನೆಯುವ ಈ ಹೊತ್ತು ದಂಡವಲ್ಲ. ಅರ್ಧ ಕೆಲಸ ಎಣ್ಣೆಯೇ ಮಾಡುತ್ತದೆ.

ನಟ್ಟಿನ ವಿಷಯ

ಒಬ್ಬರು ಚಕ್ರವನ್ನು ಗಟ್ಟಿಯಾಗಿ ಹಿಡಿದಿರಲು, ಮತ್ತೊಬ್ಬರು ಸರಿಯಾದ ಅಳತೆಯ ಬಾಕ್ಸ್ ಪಾನಾದಿಂದ ನಟ್ಟನ್ನು ಸಡಿಲಿಸಬೇಕು. ಆದರೆ ಪೂರ್ತಿ ತೆಗೆಯಬಾರದು. ನಟ್ಟಿನ ಮುಖ ದಂಡದ ತುದಿಯ ಮಟ್ಟಕ್ಕೆ ಬಂದು, ಗುಂಬಕ್ಕೂ ಅದಕ್ಕೂ ನಡುವೆ ಎರಡು ಮೂರು ಸುತ್ತಿನಷ್ಟು ಅಂತರ ಉಳಿದರೆ ಸಾಕು. ಈ ಒಂದು ಎಚ್ಚರಿಕೆಯನ್ನು ಯಾವ ಕಾರಣಕ್ಕೂ ಮರೆಯಬಾರದು. ಬಿಗಿದ ಚಕ್ರ ಬಿಡುವಾಗ ಮೆಲ್ಲಗೆ ಬಿಡುವುದಿಲ್ಲ, ಒಮ್ಮೆಲೇ ಚಿಮ್ಮುತ್ತದೆ. ನಟ್ಟು ಇದ್ದರೆ ಅದು ಅಲ್ಲಿಗೇ ತಡೆಯುತ್ತದೆ. ಇಲ್ಲದಿದ್ದರೆ ಬಗ್ಗಿ ಕುಳಿತವರ ಹಲ್ಲಿಗೋ ದವಡೆಗೋ ಬಡಿಯುತ್ತದೆ. ನಟ್ಟು ಮರೆಯನ್ನೂ ಕಾಯುತ್ತದೆ.

ಪುಲ್ಲರ್ ಬಳಕೆ

ಗುಂಬದಲ್ಲಿ ಮರೆ ಕೊರೆದ ಎರಡು ತೂತುಗಳಿದ್ದರೆ ಅವು ಇದೇ ಕೆಲಸಕ್ಕೆ ಇರುವಂಥವು. ಪುಲ್ಲರ್ ಇಲ್ಲದವರು ಲೇತ್ ಅಂಗಡಿಯಲ್ಲಿ ಒಂದನ್ನು ಮಾಡಿಸಿಕೊಳ್ಳಬಹುದು. 12 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ, ನಡುವೆ 16 ಮಿ.ಮೀ. ಬೋಲ್ಟಿಗೆ ಮರೆ, ಆಚೀಚೆ ಗುಂಬದ ತೂತುಗಳ ಅಳತೆಗೆ ಎರಡು ತೂತು, ಇಷ್ಟೇ. ಬೋಲ್ಟುಗಳ ತಲೆಯ ಮೇಲೆ 8.8 ಎಂಬ ಗುರುತಿರಲಿ. ಮೆತ್ತನೆಯ ಬೋಲ್ಟು ಅರ್ಧದಲ್ಲಿ ತುಂಡಾಗುತ್ತದೆ.

ಪಕ್ಕದ ಎರಡು ಬೋಲ್ಟುಗಳನ್ನೂ ಒಂದೇ ಆಳಕ್ಕೆ ಕೂರಿಸಬೇಕು. ನಡುವಿನ ಬೋಲ್ಟಿನ ಮರೆಗೆ ಗ್ರೀಸ್ ಹಚ್ಚಿ, ದಂಡ ಟೊಳ್ಳಾಗಿದ್ದರೆ ಅದರ ಮೇಲೆ ದಪ್ಪ ಉಕ್ಕಿನ ಬಿಲ್ಲೆಯೊಂದನ್ನು ಇಟ್ಟು ಬಿಗಿಯುತ್ತ ಬರಬೇಕು.

ಈ ಸಣ್ಣ ಸಾಧನದ ಬಲವೆಷ್ಟು? 30 ಸೆಂ.ಮೀ. ಉದ್ದದ ಪಾನಾ ಒಂದು ಸುತ್ತು ಬರುವಲ್ಲಿ ಕೈ ಸುಮಾರು 188 ಸೆಂ.ಮೀ. ದೂರ ಚಲಿಸುತ್ತದೆ, ಬೋಲ್ಟು 2 ಮಿ.ಮೀ. ಮಾತ್ರ ಮುಂದೊತ್ತುತ್ತದೆ. ಹೀಗೆ ಬಲ 900 ಪಟ್ಟು ಮೀರಿ ಹೆಚ್ಚಬೇಕು. ಬಹುಭಾಗ ಉಜ್ಜಾಟದಲ್ಲಿ ಕಳೆದು ಹತ್ತರಲ್ಲಿ ಒಂದು ಪಾಲು ಉಳಿದರೂ, 20 ಕೆ.ಜಿ. ತೂಕದಷ್ಟು ಕೈಬಲ ಒಂದೂವರೆ ಟನ್ನಿಗೂ ಮಿಕ್ಕಿ ಎಳೆಯುತ್ತದೆ. ಅದೂ ಏಟಿಲ್ಲದೆ, ಒಂದೇ ಸಮನೆ.

ಬೋಲ್ಟು ಬಿಗಿಯಾದಾಗ ಇನ್ನೂ ಬಲ ಹಾಕದೆ ಹತ್ತು ನಿಮಿಷ ಕಾಯಬೇಕು. ಮತ್ತೆ ಎಣ್ಣೆ ಬಿಟ್ಟು ಕಾಲು ಸುತ್ತು ಬಿಗಿಯಬೇಕು. ಬಿಡುವಾಗ ‘ಟಕ್’ ಎಂಬ ಶಬ್ದ ಕೇಳುತ್ತದೆ. ಆಮೇಲೆ ಪುಲ್ಲರನ್ನೂ ನಟ್ಟನ್ನೂ ತೆಗೆದರೆ ಚಕ್ರ ಕೈಗೆ ಬರುತ್ತದೆ.

ಗುಂಬದಲ್ಲಿ ತೂತುಗಳಿಲ್ಲದಿದ್ದರೆ ಎರಡು ಹೋಳಾದ ಪಟ್ಟಿಯನ್ನು ಗುಂಬದ ಅಡಿಗೆ ಕೊಟ್ಟು, ಉದ್ದ ಬೋಲ್ಟುಗಳಿಂದ ಮೇಲಿನ ಪಟ್ಟಿಗೆ ಬಿಗಿದು ಎಳೆಯಬೇಕು. ಪುಲ್ಲರಿನ ಕೊಕ್ಕೆಯನ್ನು ಚಕ್ರದ ಕಡ್ಡಿಗೆ ಅಥವಾ ಹೊರಬಳೆಗೆ ಹಾಕಿದರೆ ಅವು ಬಾಗುತ್ತವೆ, ಇಲ್ಲವೇ ಬಿರಿಯುತ್ತವೆ.

ಆದರೂ ಬಾರದಿದ್ದರೆ

ಪುಲ್ಲರ್ ಬಿಗಿಯಾಗಿರುವಾಗಲೇ ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ಇಕ್ಕಳದಿಂದ ಗುಂಬಕ್ಕೆ ಸುತ್ತಬೇಕು. 25 ಮಿ.ಮೀ. ಅಗಲದ ಉಕ್ಕಿನ ತೂತು 70 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.02 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಮ್ ಇದರ ಎರಡರಷ್ಟು ಹಿಗ್ಗುತ್ತದೆ. ಇದು ತಲೆಗೂದಲಿಗಿಂತ ತೆಳುವಾದ ಸಂದಿ. ಆದರೂ ತುಕ್ಕಿನ ಹಿಡಿತ ಬಿರಿಯಲು ಅನೇಕ ಸಲ ಇಷ್ಟು ಸಾಕಾಗುತ್ತದೆ. ಗ್ಯಾಸ್ ಬೆಂಕಿಯನ್ನು ಮಾತ್ರ ಹಚ್ಚಬಾರದು. ನೆನೆಹಾಕಿದ ಎಣ್ಣೆ, ಗ್ರೀಸ್, ಸೀಟಿನ ರೆಕ್ಸಿನ್ ಎಲ್ಲವೂ ಹತ್ತಿಕೊಳ್ಳುವ ವಸ್ತುಗಳು.

ಮರಳಿ ಕೂರಿಸುವಾಗ

ಎರಡೂ ಕಡೆಯ ಹಲ್ಲುಗಳನ್ನು ಉಜ್ಜಿ ಬೆಳಕಿಗೆ ಹಿಡಿದು ನೋಡಬೇಕು. ಹಲ್ಲು ಸವೆದಿದ್ದರೆ ಚಕ್ರವನ್ನು ದಂಡಕ್ಕೆ ಬೆಸುಗೆ ಹಾಕಿಸುವ ಯೋಚನೆ ಬೇಡವೇ ಬೇಡ. ಬೆಸುಗೆಯ ಕಾವಿಗೆ ಉಕ್ಕಿನ ಗುಣ ಕೆಟ್ಟು ದಂಡ ಓಡುವಾಗಲೇ ಮುರಿಯಬಹುದು. ಸವೆದ ಭಾಗವನ್ನು ಬದಲಾಯಿಸುವುದೊಂದೇ ದಾರಿ. ಹಲ್ಲು ಚೆನ್ನಾಗಿದ್ದರೆ ತೀರ ತೆಳುವಾಗಿ ಗ್ರ್ಯಾಫೈಟ್ ಗ್ರೀಸ್ ಸವರಿ, ಗೆರೆಗೆ ಗೆರೆ ಕೂಡಿಸಿ, ಹೊಸ ಸ್ಪ್ರಿಂಗ್ ವಾಷರ್ ಹಾಕಿ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು.

ಕೊನೆಗೆ ಚಕ್ರದ ಆಟವನ್ನು ಅಳೆಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ಟೀರಿಂಗ್ ಚಕ್ರದ ಆಟ 30 ಡಿಗ್ರಿ ಮೀರಬಾರದು. 45 ಸೆಂ.ಮೀ. ಅಗಲದ ಚಕ್ರದಲ್ಲಿ ಇದು ಅಂಚಿನ ಮೇಲೆ ಸುಮಾರು 12 ಸೆಂ.ಮೀ. ಆಗುತ್ತದೆ. ಇದು ಕೊನೆಯ ಎಲ್ಲೆಯೇ ಹೊರತು ಒಳ್ಳೆಯ ಸ್ಥಿತಿಯ ಗುರುತಲ್ಲ. ಖಾಲಿ ಲಾರಿಯನ್ನು ಊರ ಹೊರಗೆ ನಿಧಾನವಾಗಿ ಓಡಿಸಿ ನೋಡಿದ ಮೇಲೆಯೇ ಚೀಲ ಹೇರಬೇಕು.

ಈ ಕ್ರಮ ಹಳೆಯ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಚಕ್ರದೊಳಗೆ ಗಾಳಿಚೀಲವಿರುವ ಹೊಸ ವಾಹನಗಳನ್ನು ತರಬೇತಿ ಪಡೆದವರೇ ಮುಟ್ಟಬೇಕು.

ಶೇಂಗಾ ಕೀಳುವ ಕಾಲಕ್ಕೆ ಲಾರಿ ನಿಂತರೆ ಚೀಲಗಳು ಕಣದಲ್ಲೇ ಉಳಿಯುತ್ತವೆ. ಅಕಾಲ ಮಳೆ ಬಂದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ಬೇಸಿಗೆಯಲ್ಲಿ, ಬಿತ್ತನೆಗೆ ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಒಡೆದ ಹಾರನ್ ಗುಂಡಿಯನ್ನು ಬದಲಿಸಿ, ಲಾರಿ ನಿಂತಿರುವಾಗ ಗುಂಬಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಚಕ್ರ ಮತ್ತೆ ಬಿಗಿಯುವುದನ್ನು ಬಹಳಮಟ್ಟಿಗೆ ತಪ್ಪಿಸಬಹುದು.