ಟಿಪ್ಪುವಿನ ‘ಮುಂಗಾರು’

ಮೂರನೇ ಆಂಗ್ಲೋ–ಮೈಸೂರು ಯುದ್ಧ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ಒಂದೇ ದೃಶ್ಯ: ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿ ಬರಮಾಡಿಕೊಳ್ಳುತ್ತಿರುವ ಕಾರ್ನ್‌ವಾಲಿಸ್. ರಾಬರ್ಟ್ ಹೋಮ್ ಬಿಡಿಸಿದ ತೈಲಚಿತ್ರದಲ್ಲಂತೂ ಮಕ್ಕಳನ್ನು ಕಿತ್ತುಕೊಂಡವನೇ ದಯಾಳುವಿನಂತೆ ಕಾಣುತ್ತಾನೆ.

ಅದೇ ಯುದ್ಧ ಇನ್ನೂ ನಡೆಯುತ್ತಿದ್ದಾಗ ಲಂಡನ್ನಿನಲ್ಲಿ ಒಂದು ವ್ಯಂಗ್ಯಚಿತ್ರ ಅಚ್ಚಾಯಿತು. ಬಿಡಿಸಿದವನು ಜೇಮ್ಸ್ ಗಿಲ್‌ರೇ. ಹೆಸರು ‘ಮುಂಗಾರಿನ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಪಲಾಯನ’.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೇ ಬಂದಿದ್ದ. ಅರಕೆರೆ ಬಳಿಯ ಕಾಳಗವನ್ನೂ ಗೆದ್ದಿದ್ದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ತೋಪು ಎಳೆಯುವ ಎತ್ತುಗಳು ಸತ್ತವು. ಭಾರಿ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿನತ್ತ ಹಿಂತಿರುಗಿದ. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕಾದವು. ಚಿತ್ರ ಹೊರಬಂದದ್ದು ಡಿಸೆಂಬರ್‌ನಲ್ಲಿ.

ಅದರಲ್ಲಿ ಟಿಪ್ಪು ಕೋಟೆಯ ಮೇಲೆ ನಿಂತು ಕೆಳಗೆ ಮೂತ್ರ ಹೊಯ್ಯುತ್ತಿದ್ದಾನೆ, ಕಾರ್ನ್‌ವಾಲಿಸ್ ಓಡುತ್ತಿದ್ದಾನೆ. ‘ಮುಂಗಾರು’ ಅಂದರೆ ಅದೇ! (ಪತ್ರಿಕೆಗೆ ಇದನ್ನು ಹೇಗೆ ಬರೆಯುವುದೆಂದು ತುಸು ಯೋಚಿಸಿದೆ.) ಟಿಪ್ಪುವಿನ ಮೇಲಿನ ಪ್ರೀತಿಗೆ ಬಿಡಿಸಿದ್ದಲ್ಲ, ಗುರಿ ತಮ್ಮದೇ ಸೇನಾಪತಿ. ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು, ಅಚ್ಚೊತ್ತಿ, ಕೈಯಿಂದ ಬಣ್ಣ ಹಚ್ಚಿದ ಇಂಥ ಚಿತ್ರಗಳನ್ನು ಹನ್ನಾ ಹಂಫ್ರಿ ಎಂಬಾಕೆ ತನ್ನ ಅಂಗಡಿಯಲ್ಲಿ ಮಾರುತ್ತಿದ್ದಳು. ಕೊಳ್ಳಲು ಕಾಸಿಲ್ಲದವರು ಕಿಟಕಿಯ ಮುಂದೆ ನಿಂತು ನಕ್ಕು ಹೋಗಬಹುದಿತ್ತು.

ಇದನ್ನು ಮೊದಲ ಸಲ ನೋಡಿದಾಗ ನನಗೆ 2025ರ ಮೇ ನೆನಪಾಯಿತು. ಗಡಿಯಲ್ಲಿ ಸಂಘರ್ಷ ನಡೆಯುತ್ತಿದ್ದ ಆ ನಾಲ್ಕು ದಿನ ನಮ್ಮ ಹಾಸ್ಟೆಲ್ ಗ್ರೂಪಿನ ತುಂಬ ಮೀಮ್‌ಗಳು, ಎಲ್ಲವೂ ಶತ್ರುವಿನ ಮೇಲೆ. ನಾನೂ ಹತ್ತಾರು ಫಾರ್ವರ್ಡ್ ಮಾಡಿದೆ. ನಮ್ಮ ಟಿವಿಗಳ ಸುಳ್ಳು ಸುದ್ದಿಯನ್ನು ಗೇಲಿ ಮಾಡಿ ಗೆಳೆಯನೊಬ್ಬ ಬಿಡಿಸಿದ ಕಾರ್ಟೂನ್ ಮಾತ್ರ ಎರಡೇ ನಿಮಿಷದಲ್ಲಿ ಡಿಲೀಟ್ ಆಯಿತು. ಗ್ರೂಪ್ ಅಡ್ಮಿನ್ ನಾನೇ. ‘ಇಂಥ ಹೊತ್ತಲ್ಲಿ ಇದು ಬೇಕಿತ್ತಾ?’ ಎಂದು ಕೇಳಿದ್ದೆ. ಅವನು ಉತ್ತರಿಸಲಿಲ್ಲ.

ಗಿಲ್‌ರೇಯೂ ಕೊನೆತನಕ ಹಾಗೇ ಉಳಿಯಲಿಲ್ಲ. 1797ರಿಂದ ಸರ್ಕಾರದ ಪಿಂಚಣಿ ಪಡೆಯತೊಡಗಿದ. ಆಮೇಲಿನ ಅವನ ಚಿತ್ರಗಳಲ್ಲಿ ನೆಪೋಲಿಯನ್ ಎಗರಾಡುವ ಕುಳ್ಳ. ನಿಜದಲ್ಲಿ ನೆಪೋಲಿಯನ್ ಆ ಕಾಲಕ್ಕೆ ಸಾಧಾರಣ ಎತ್ತರದವನೇ. ಜನರ ತಲೆಯಲ್ಲಿ ಉಳಿದದ್ದು ಕುಳ್ಳ. ಕೈಚಳಕ ದೊಡ್ಡದೇ. ಆದರೆ ನನಗೆ ಅವು ನಮ್ಮ ಗ್ರೂಪಿನ ಮೀಮ್‌ಗಳ ನೆಂಟರಂತೆ ಕಾಣುತ್ತವೆ.

ಮೊನ್ನೆ ಆ ಗೆಳೆಯನಿಗೆ ಶ್ರೀರಂಗಪಟ್ಟಣದ ಚಿತ್ರ ಕಳಿಸಿದೆ. ‘ಸಕತ್ತಾಗಿದೆ, ಗ್ರೂಪಿಗೆ ಹಾಕ್ಲಾ? ಡಿಲೀಟ್ ಮಾಡಲ್ಲ ತಾನೆ?’ ಎಂದು ಕೇಳಿದ.