ಆನ್‌ಲೈನ್ ಜೂಜು: ಕಾನೂನಿನ ಪ್ರಶ್ನೆ, ಸಭೆಯ ಪ್ರಶ್ನೆ

ಜೂಜಾಟವನ್ನು ಕುರಿತ ನಮ್ಮ ನ್ಯಾಯಾಲಯಗಳ ವಿಚಾರಣೆಯು ಬಹುಕಾಲ ಒಂದೇ ಪ್ರಶ್ನೆಯ ಸುತ್ತ ನಡೆಯಿತು: ಆಟದ ಫಲವನ್ನು ನಿರ್ಣಯಿಸುವುದು ಕೌಶಲ್ಯವೋ, ಅದೃಷ್ಟವೋ? ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಕೌಶಲ್ಯದ ಆಟಗಳೆಂದು ಎಣಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿದಾಗಲೂ ಈ ಭೇದವೇ ಪ್ರಮುಖ ಆಧಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಈ ಭೇದವನ್ನು ಬದಿಗಿರಿಸಿ, ಹಣ ಹೂಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಅದೂ ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟಿತು. ಈ ಚರ್ಚೆಯಲ್ಲಿ ಸಭೆಯು ಕೇಳಬೇಕಾದ ಪ್ರಶ್ನೆ ಯಾವುದು?

ಚೀಟು ಹಾಕುವುದೇ ಪಾಪವೆಂದು ಸತ್ಯವೇದವು ಹೇಳುವುದಿಲ್ಲ. ವಾಗ್ದತ್ತ ದೇಶವು ಕುಲಗಳಿಗೆ ಚೀಟಿನಿಂದ ಹಂಚಲ್ಪಟ್ಟಿತು; ಮತ್ತೀಯನು ಚೀಟಿನಿಂದಲೇ ಅಪೊಸ್ತಲರೊಡನೆ ಎಣಿಸಲ್ಪಟ್ಟನು (ಅ. ಕೃತ್ಯಗಳು 1:26). ಆದರೆ ಶಿಲುಬೆಯ ಬಳಿಯಲ್ಲಿ ಸಿಪಾಯಿಗಳು ಹಾಕಿದ್ದೂ ಚೀಟೇ (ಯೋಹಾನ 19:24). ಕ್ರಿಯೆ ಒಂದೇ, ಅರ್ಥ ಬೇರೆ. ಮೊದಲಿನವುಗಳಲ್ಲಿ ಯಾರೂ ಪಣ ಒಡ್ಡಲಿಲ್ಲ. ದೇವರ ಚಿತ್ತಕ್ಕೆ ಒಪ್ಪಿಸಿಕೊಡುವುದೇ ಉದ್ದೇಶವಾಗಿತ್ತು. ಕೊನೆಯದರಲ್ಲಿ ಒಬ್ಬನಿಗೆ ದೊರೆತ ಲಾಭವು ಇನ್ನೊಬ್ಬನ ಮೈಮೇಲಿಂದ ಕಿತ್ತುಕೊಂಡ ಅಂಗಿ. ಆದ್ದರಿಂದ ನಮ್ಮ ಪ್ರಶ್ನೆಯು ಅದೃಷ್ಟವನ್ನು ಕುರಿತದ್ದಲ್ಲ, ನೆರೆಯವನನ್ನು ಕುರಿತದ್ದು: ಈ ಲಾಭವು ಯಾರ ನಷ್ಟದಿಂದ ಬಂತು?

ಜಾನ್ ವೆಸ್ಲಿಯು ಹಣದ ಉಪಯೋಗವನ್ನು ಕುರಿತ ತನ್ನ ಪ್ರಸಂಗದಲ್ಲಿ ಜೂಜನ್ನು ಇದೇ ಸ್ಥಾನದಲ್ಲಿಟ್ಟನು. ನೆರೆಯವನಿಗೆ ಕೇಡಾಗದಂತೆ ಸಂಪಾದಿಸಬೇಕು. ಜೂಜು ಅವನ ಸೊತ್ತನ್ನು ನುಂಗುವ ಮಾರ್ಗಗಳಲ್ಲೊಂದು. ಕಥೋಲಿಕ ಧರ್ಮೋಪದೇಶವು (2413) ಅದೃಷ್ಟದಾಟವನ್ನು ಸ್ವತಃ ಅನ್ಯಾಯವೆನ್ನದಿದ್ದರೂ, ತನಗೂ ಇತರರಿಗೂ ಅವಶ್ಯವಾದುದನ್ನು ಅದು ಕಸಿಯುವಾಗ ಒಪ್ಪಲಾಗದು ಎನ್ನುತ್ತದೆ. ಈ ದೃಷ್ಟಿಯಲ್ಲಿ ಕೌಶಲ್ಯದ ವಾದವು ತಪ್ಪನ್ನು ಹಗುರಗೊಳಿಸುವುದಿಲ್ಲ. ನುರಿತವನು ಅರಿಯದವನ ಕೂಲಿಯನ್ನು ಗೆದ್ದುಕೊಂಡರೆ ಅನ್ಯಾಯವು ಹೆಚ್ಚುವುದೇ ಹೊರತು ಕುಗ್ಗದು.

ನಿಷೇಧಕ್ಕಿಂತ ನಿಯಂತ್ರಣವೇ ಲೇಸೆನ್ನುವವರ ಮಾತನ್ನೂ ನಾವು ಆಲಿಸಬೇಕು. ನಿಷೇಧವು ಆಟಗಾರರನ್ನು ವಿದೇಶೀ ತಾಣಗಳಿಗೆ ಅಟ್ಟುತ್ತದೆ. ಅಲ್ಲಿ ವಯಸ್ಸಿನ ತಪಾಸಣೆಯಾಗಲಿ, ಹೂಡಿಕೆಯ ಮಿತಿಯಾಗಲಿ, ದೂರು ಕೇಳುವವರಾಗಲಿ ಇರುವರೆಂಬ ಭರವಸೆಯಿಲ್ಲ ಎಂಬುದು ಅವರ ವಾದ. ಕೇಡನ್ನು ತಗ್ಗಿಸುವ ಕಾಳಜಿಯಿಂದ ಬಂದ ಈ ವಾದಕ್ಕೆ ತೂಕವಿದೆ. ಆದರೆ ರಾಜ್ಯಾದಾಯದ ವಾದಕ್ಕೆ ಆ ತೂಕವಿಲ್ಲ. 2023ರ ಅಕ್ಟೋಬರ್ 1ರಿಂದ ಆಟಕ್ಕೆ ಹೂಡಿದ ಪೂರ್ಣ ಮೊತ್ತದ ಮೇಲೆ ಶೇಕಡಾ 28ರಷ್ಟು ಜಿಎಸ್‌ಟಿ ವಿಧಿಸಲಾಯಿತು. ಸೋಲಿನಲ್ಲಿ ಪಾಲು ಪಡೆಯುವ ಸರ್ಕಾರವು ಸೋಲುವವನಿಗೆ ಕಾವಲುಗಾರನಾಗುವುದು ಕಷ್ಟ. ಇತ್ತ, ನಿಷೇಧವು ಬಾಗಿಲು ಮುಚ್ಚಬಹುದಾದರೂ ಹತ್ತನೆಯ ಆಜ್ಞೆಯು ಹೆಸರಿಸುವ ಆಶೆಯನ್ನು ಹೃದಯದಿಂದ ತೆಗೆಯಲಾರದು. ನೀತಿಯ ವಿಷಯದಲ್ಲಿ ಕ್ರೈಸ್ತರು ಭಿನ್ನಾಭಿಪ್ರಾಯ ತಾಳಬಹುದು. ಇದು ಆಡುವವನ ಸ್ವಂತ ವಿಷಯವೆಂದು ಸುಮ್ಮನಿರಲಾಗದು.

2025ರ ಕಾಯ್ದೆಯಲ್ಲಿ ಸಭಾಪಾಲಕರು ಗಮನಿಸಬೇಕಾದ ಅಂಶವೊಂದಿದೆ. ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ ಕಾಯ್ದೆಯು ಆಡಿದವನನ್ನು ದಂಡಿಸುವುದಿಲ್ಲ. ನಾಡಿನ ಕಾನೂನೇ ಅವನನ್ನು ಗಾಯಗೊಂಡವನೆಂದು ಕಾಣುವಾಗ ಪ್ರಸಂಗಪೀಠವು ಅವನನ್ನು ನಾಚಿಸಬಾರದು. ನಾಚಿಕೆಯೇ ಸಾಲವನ್ನು ಮರೆಮಾಡಿಸುತ್ತದೆ. ಮರೆಯಲ್ಲಿರುವ ಸಾಲವು ಕೆಲವರನ್ನು ಆತ್ಮಹತ್ಯೆಯ ಅಂಚಿಗೆ ಒಯ್ಯುತ್ತದೆ. ಅಂಥವನು ಬಂದಾಗ ಆ ಯೋಚನೆಯಿದೆಯೇ ಎಂದು ನೇರವಾಗಿ ವಿಚಾರಿಸಬೇಕು. ಕೂಡಲೇ ಹಣ ಕೊಟ್ಟು ಕಳುಹಿಸದೆ, ಅವನ ಸಮ್ಮತಿಯಿಂದ ಮನೆಯವರ ಮುಂದೆ ಸಾಲಗಳ ಪೂರ್ಣ ಲೆಕ್ಕ ಮಾಡಬೇಕು. ಟೆಲಿ ಮಾನಸ್ (14416) ಸಹಾಯವಾಣಿಗೂ ಬೆಂಗಳೂರಿನ ನಿಮ್ಹಾನ್ಸ್‌ನ ಷಟ್ ಕ್ಲಿನಿಕ್‌ನಂಥ ಚಿಕಿತ್ಸಾಲಯಕ್ಕೂ ಅವನನ್ನು ಕೈಹಿಡಿದು ಸೇರಿಸುವುದು ಸಹ ಪಾಲನಾ ಸೇವೆಯೇ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂಬ ಅಪೊಸ್ತಲನ ಬೋಧನೆಗೆ (ಗಲಾತ್ಯ 6:2) ಇಂದು ಇದೂ ಒಂದು ಅರ್ಥ.

ಕೊನೆಯದಾಗಿ, ಕೊಯ್ಲಿನ ಹಬ್ಬದಲ್ಲಿ ನಮ್ಮ ಸಭೆಗಳೇ ಮಾರುವ ಲಾಟರಿ ಚೀಟಿಗಳ ಮುಂದೆಯೂ ಅದೇ ಪ್ರಶ್ನೆಯನ್ನಿಡೋಣ. ಮೊತ್ತ ಚಿಕ್ಕದಿರಬಹುದು, ಆದರೂ ಅನ್ಯರನ್ನು ಕೇಳುವುದಕ್ಕೆ ಮೊದಲು ನಮ್ಮನ್ನು ಕೇಳಿಕೊಳ್ಳುವುದು ನ್ಯಾಯ.