ದಿನಕ್ಕೊಂದು ಮೈಕ್ರಾನ್

ಆಯಿಯ ತಾಳಿಸರಕ್ಕೆ ಹೊಸ ದಾರ ಪೋಣಿಸಲು ಉಮರ್ಗಾದ ಪತ್ತಾರರ ಅಂಗಡಿಗೆ ಹೋಗಿದ್ದೆ. ಗುಂಡು, ಕರಿಮಣಿ, ಹವಳ ಎಂದು ಅವರು ತಟ್ಟೆಯಲ್ಲಿ ಬೇರೆ ಬೇರೆ ಮಾಡುತ್ತಿದ್ದಾಗ ಒಂದು ಹವಳ ಕೆಳಗೆ ಉರುಳಿತು. "ಸಾವಕಾಶ ರೀ, ಇಂಥಾ ಹವಳ ಈಗ ಸಿಗೂದು ಕಷ್ಟ" ಎಂದರು. ಎತ್ತಿಕೊಂಡು ಅಳೆದೆವು. ಅಡ್ಡಳತೆ 7 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು.

ಅಂದಿನಿಂದ ಈ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಒಡವೆಯ ಕೆಂಪು ಹವಳ ಬೆಳೆಯುವುದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಲ್ಲಿ. ಅದರ ಕೊಂಬೆ ವರ್ಷಕ್ಕೆ ದಪ್ಪವಾಗುವುದು ಸುಮಾರು 0.35 ಮಿಲಿಮೀಟರ್. ಅಂದರೆ ದಿನಕ್ಕೆ ಒಂದು ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪದಷ್ಟು ಬೆಳೆಯಲು ಎರಡು ತಿಂಗಳ ಮೇಲೆ ಬೇಕು. ನಮ್ಮ ಬೆರಳಿನ ಉಗುರು ಅದಕ್ಕಿಂತ ನೂರು ಪಟ್ಟು ವೇಗ. ಕಡಲೆಕಾಳಿನಷ್ಟು ಮಣಿಗೆ ಸುಮಾರು 20 ವರ್ಷ. ಹೊಳಪು ಕೊಡುವಾಗ ಉಜ್ಜಿಹೋದ ಪದರಗಳನ್ನು ಇದರಲ್ಲಿ ಹಿಡಿದಿಲ್ಲ. ಹಾಗೆಂದು ಸರದ ಮಣಿಗಳ ವಯಸ್ಸನ್ನೆಲ್ಲ ಕೂಡಿಸುವಂತಿಲ್ಲ, ಒಂದೇ ಕೊಂಬೆಯಿಂದ ಹಲವು ಮಣಿ ಕತ್ತರಿಸುತ್ತಾರೆ.

ಇಷ್ಟು ನಿಧಾನ ಏಕೆ? ಅಕ್ವೇರಿಯಂಗಳಲ್ಲಿ ಕಾಣುವ ದಿಬ್ಬದ ಹವಳವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರ ಮೈಯೊಳಗೆ ಪಾಚಿಕಣಗಳು ವಾಸಿಸುತ್ತವೆ, ಬಿಸಿಲಿನಲ್ಲಿ ಆಹಾರ ತಯಾರಿಸಿ ಒಡೆಯನಿಗೂ ಉಣಿಸುತ್ತವೆ. ಒಂದು ಚದರ ಸೆಂಟಿಮೀಟರಿನಲ್ಲಿ, ಉಗುರಿನಷ್ಟು ಜಾಗದಲ್ಲಿ, ಅಂಥವು ಸುಮಾರು 10 ಲಕ್ಷ. ಉಮರ್ಗಾ, ನಿಲಂಗಾ, ಉದಗೀರ ಮೂರೂ ಪಟ್ಟಣಗಳ ಜನರನ್ನು ಒಂದೆಡೆ ನಿಲ್ಲಿಸಿದರೂ ಆ ಸಂಖ್ಯೆ ತುಂಬದು! ಆ ಕೂಲಿಯ ಬಲದಿಂದಲೇ ಕವಲೊಡೆಯುವ ಕೆಲವು ಜಾತಿಗಳು ವರ್ಷಕ್ಕೆ 10 ಸೆಂಟಿಮೀಟರ್ ಚಾಚುತ್ತವೆ. (ನಮ್ಮ ದೇಶದಲ್ಲಿ ಇಂಥ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ, ಕಡಲಿನಿಂದ ಒಂದು ಚೂರನ್ನೂ ಮುರಿದು ತರಬಾರದು.) ಕೆಂಪು ಹವಳಕ್ಕೆ ಆ ಪಾಚಿಯ ನೆರವಿಲ್ಲ. ಮಬ್ಬುಗತ್ತಲೆಯ ಗುಹೆ, ಬಂಡೆಯ ಸಂದುಗಳಲ್ಲಿ ಎಂಟೆಂಟು ಪುಟ್ಟ ತೋಳು ಚಾಚಿ, ನೀರಿನಲ್ಲಿ ತೇಲಿಬಂದದ್ದನ್ನು ಹಿಡಿದು ತಿಂದು ಬದುಕುತ್ತದೆ.

ಅದು ನಮ್ಮ ಕಡೆಗೆ ಬಂದ ದಾರಿಯೂ ಸಣ್ಣದಲ್ಲ. ಇಲ್ಲಿಂದ ತೀರಾ ಹತ್ತಿರದ ಕಡಲೇ 300 ಕಿಲೋಮೀಟರಿಗೂ ದೂರ. ಆದರೂ ಕನ್ನಡದಲ್ಲಿ ಹವಳ, ಹಳಗನ್ನಡದಲ್ಲಿ ಪವಳ, ಪಕ್ಕದ ಮನೆಯ ಮರಾಠಿಯಲ್ಲಿ ಪೋವಳೆ. ಒಂದನೆಯ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬ ಬರೆದ 'ಪೆರಿಪ್ಲಸ್' ಎಂಬ ಪುಸ್ತಕ ಭರೂಚ್ ಬಂದರಿಗೆ ಬರುತ್ತಿದ್ದ ಸರಕುಗಳಲ್ಲಿ ಹವಳವನ್ನೂ ಹೆಸರಿಸುತ್ತದೆ. ಭರೂಚಿನಿಂದ ಪೈಠಣಕ್ಕೆ 20 ದಿನ, ಅಲ್ಲಿಂದ ತಗರಕ್ಕೆ ಇನ್ನೂ 10 ದಿನ ಎನ್ನುತ್ತದೆ. ತಗರವೆಂದರೆ ಇಂದಿನ ತೇರ್, ಉಮರ್ಗಾ ಇರುವ ಜಿಲ್ಲೆಯಲ್ಲೇ ಇದೆ. ಬಂಡಿಗಳು ಇಲ್ಲಿಂದ ಬಟ್ಟೆ ಹೊತ್ತು ಹೋಗುತ್ತಿದ್ದವು. ಮರಳುವಾಗ ಖಾಲಿ ಬಂದಿರಲಾರವು, ಹವಳವನ್ನೂ ತಂದಿರಬೇಕು ಎಂದೇ ನಾನು ನಂಬಿದ್ದೇನೆ. ಭಾರತೀಯರ ಆಸೆಯಿಂದಾಗಿ ಹವಳ ತನ್ನ ತವರಿನಲ್ಲೇ ಅಪರೂಪವಾಗಿದೆ ಎಂದು ರೋಮಿನ ಪ್ಲಿನಿ ಬರೆದು ಸುಮಾರು 1,950 ವರ್ಷವಾಯಿತು. ಅವನು ತೀರಿಕೊಂಡದ್ದು ಕ್ರಿ.ಶ. 79ರಲ್ಲಿ, ವೆಸುವಿಯಸ್ ಸಿಡಿದಾಗ. ಅದೇ ಬೆಟ್ಟದ ಬುಡದ ತೊರ್ರೆ ದೆಲ್ ಗ್ರೇಕೊ ಊರಿನಲ್ಲಿ ಇಂದಿಗೂ ಹವಳ ಕೆತ್ತುತ್ತಾರೆ.

ಅಂದು ಅಂಗಡಿಯಲ್ಲಿ ಪತ್ತಾರರು ಭೂತಗನ್ನಡಿ ಕೊಟ್ಟರು. ಅಸಲಿ ಹವಳದ ಮೈಮೇಲೆ, ಕೊಂಬೆಯುದ್ದಕ್ಕೂ, ಒತ್ತೊತ್ತಾಗಿ ನವಿರು ಗೆರೆಗಳಿರುತ್ತವೆ. ಬಣ್ಣ ಹಾಕಿದ ಅಗ್ಗದ ಹವಳದಲ್ಲಿ ಗೆರೆಗಳು ಅಗಲ, ಬಣ್ಣವೂ ಸಂದಿಯಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಗಾಜಿನ ಮಣಿಯಲ್ಲಿ ಗೆರೆಯೇ ಇರದು, ಗುಳ್ಳೆ ಇರಬಹುದು.

ಹವಳವೆಂದರೆ ಸುಣ್ಣಕಲ್ಲಿನ ಬಳಗ, ಕ್ಯಾಲ್ಸಿಯಂ ಕಾರ್ಬೊನೇಟ್. ಆದ್ದರಿಂದ ತಾಮ್ರ ಹಿತ್ತಾಳೆ ಬೆಳಗುವ ಹುಣಸೆಹುಳಿ, ನಿಂಬೆ ಇದಕ್ಕೆ ವಿಷ. 20 ವರ್ಷದ ಬೆಳವಣಿಗೆಯನ್ನು ಹುಳಿ ನೊರೆಯಾಗಿ ಕರಗಿಸುತ್ತದೆ. ಬೆವರೂ ಹೊಳಪು ತಿನ್ನುತ್ತದೆ. ಆಯಿ ಹೊಲದಿಂದ ಬಂದವಳೇ ಒದ್ದೆ ಸೆರಗಿನಿಂದ ಒಂದೊಂದೇ ಮಣಿ ಒರೆಸುತ್ತಿದ್ದಳು, ಆಮೇಲೆ ಒಣಸೆರಗಿನಿಂದ.

ಆ ಸರ ಅವಳ ಕೊರಳಲ್ಲಿದ್ದದ್ದು 60 ವರ್ಷ. ಆ ಕೊಂಬೆ ಕಡಲಲ್ಲೇ ಉಳಿದಿದ್ದರೆ ಅಷ್ಟರಲ್ಲಿ ಇನ್ನೂ ಸುಮಾರು 21 ಮಿಲಿಮೀಟರ್ ದಪ್ಪವಾಗುತ್ತಿತ್ತು, ಅಂಥ ಮೂರು ಮಣಿಗಳಷ್ಟು.